ನಿಮಗಿದು ಗೊತ್ತೆ? ಒಬ್ಬರೊಳಗೆ ಹಲವು ‘ನಾನು’

ಸಕಲೇಶಪುರ, ಆಲೂರು ಕಡೆ ಮೈಮೇಲೆ ದೇವರು ಬರುವುದನ್ನು ಕಾಣದವರು ಕಡಿಮೆ. ಅದು ಮನೋರೋಗವೇ? ಖಂಡಿತ ಅಲ್ಲ. ಸಮುದಾಯ ಒಪ್ಪಿದ ಆಚರಣೆಯ ಆವೇಶವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಕಾಯಿಲೆ ಎನ್ನುವುದಿಲ್ಲ. ತಾನಾಗಿ ಮರುಕಳಿಸುತ್ತ ಬದುಕನ್ನೇ ಕೆಡಿಸಿದರೆ ಮಾತ್ರ ವೈದ್ಯರ ನೆರವು ಬೇಕು.

ಬೇರೆ ಬೇರೆ ವ್ಯಕ್ತಿತ್ವಗಳು ಸರದಿಯಂತೆ ಮೇಲೆದ್ದು, ನಡುನಡುವಿನ ನೆನಪು ಅಳಿಸಿಹೋಗುವ ಸ್ಥಿತಿಯೇ ಬೇರೆ. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಅದನ್ನು ‘ಬಹುವ್ಯಕ್ತಿತ್ವ’ ಎಂದು ಕರೆಯಿತು; 1994ರಲ್ಲಿ ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಎಂದು ಬದಲಿಸಿತು. ಈ ಸ್ಥಿತಿಯ ಬಹಳಷ್ಟು ಜನ ಬಾಲ್ಯದಲ್ಲಿ ಘೋರ ಹಿಂಸೆ ಉಂಡವರು.

2004ರ ‘ಆಪ್ತಮಿತ್ರ’ ಚಿತ್ರದಲ್ಲಿ ಸೌಂದರ್ಯ ಅಭಿನಯಿಸಿದ ಗಂಗಾ, ನಾಗವಲ್ಲಿಯಾಗಿ ಬದಲಾದದ್ದು ನೆನಪಿದೆಯಲ್ಲ? ನಿಜ ರೋಗಿಗಳದೂ ಬರೀ ನಟನೆ ಎಂಬ ಶಂಕೆ ಬಹುಕಾಲದ್ದು. ಇದನ್ನು ಪರೀಕ್ಷಿಸಲು ಸಂಶೋಧಕಿ ಸಿಮೋನ್ ರೈಂಡರ್ಸ್ ಅವರ ತಂಡ 11 ರೋಗಿಗಳ ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿತು. ಒಂದೇ ಕಹಿ ನೆನಪನ್ನು ಕೇಳಿಸಿದಾಗ ಒಂದು ವ್ಯಕ್ತಿತ್ವದಲ್ಲಿ ಎದೆಬಡಿತ ಏರಿತು, ಮಿದುಳಿನ ರಕ್ತಸಂಚಾರ ಬದಲಾಯಿತು; ಇನ್ನೊಂದರಲ್ಲಿ ಅದು ಯಾರದೋ ಕಥೆ ಎಂಬಂತಿತ್ತು. ಇದೇ ಸ್ಥಿತಿಯನ್ನು ಆರೋಗ್ಯವಂತರು ನಟಿಸಿದಾಗ ಆ ಬದಲಾವಣೆ ಮೂಡಲಿಲ್ಲ ಎಂದು 2012ರಲ್ಲಿ ವರದಿಯಾಯಿತು. ಸುಳ್ಳುಗಾರರೆನಿಸಿಕೊಂಡು ನೊಂದವರಿಗೆ ಇದು ದೊಡ್ಡ ಸಾಕ್ಷಿ.

ಮನದ ಸಂಕಟಕ್ಕೆ ಕನ್ನಡದಲ್ಲೇ ಉಚಿತ ಸಲಹೆ: ಟೆಲಿ ಮಾನಸ್ ಸಹಾಯವಾಣಿ, 14416.