ಪೇಟಿಯ ಉಸಿರು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾ ಮತ್ತು ಅದರ ಸುತ್ತಣ ಸೀಮೆಯಲ್ಲಿ ಹಾರ್ಮೋನಿಯಂ ವಾದ್ಯಕ್ಕೆ ಪೇಟಿ ಎಂದು ಹೆಸರು. ಅದನ್ನು ನುಡಿಸುವವರು ಪೇಟಿ ಮಾಸ್ತರರು. ಜಾತ್ರೆಯಲ್ಲಿ ಊರ ತರುಣರು ನಾಟಕವಾಡುವುದೆಂದು ಗೊತ್ತಾದೊಡನೆ ಮೊದಲು ಬರುವ ಕರೆ ಅವರಿಗೆ. ಪಾತ್ರಧಾರಿ ಮಾತು ಮರೆತರೆ ಪರದೆಯ ಮರೆಯಿಂದ ಹೇಳಿಕೊಡುವವರಿರುತ್ತಾರೆ. ಆದರೆ ರಂಗದ ಮುಂದಿನ ಪೇಟಿಯೇ ದಮ್ಮು ಕಳೆದುಕೊಂಡರೆ ಹಾಡುವವನಿಗೆ ಶ್ರುತಿಯ ಆಸರೆ ತಪ್ಪುತ್ತದೆ. ಅಂದಿನ ನಾಟಕವೇ ಕೆಡುತ್ತದೆ.

ಹಾರ್ಮೋನಿಯಂ ಹುಟ್ಟಿದ್ದು ಯೂರೋಪಿನಲ್ಲಿ. ಪ್ಯಾರಿಸ್ ನಗರದ ಅಲೆಕ್ಸಾಂದ್ರ್ ದೆಬೆಯ್ನ್ ಎಂಬಾತನು 1842ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಆ ವಾದ್ಯವನ್ನು ಕಾಲಿನಿಂದ ತುಳಿದು ನುಡಿಸಬೇಕಾಗಿತ್ತು. ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕುತ್ತ ನುಡಿಸುವ ರೂಪವು ಕಲ್ಕತ್ತೆಯ ದ್ವಾರಕಾನಾಥ ಘೋಷರಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಚಾರಕ್ಕೆ ಬಂದಿತು. ಶುದ್ಧ ಸಂಗೀತದ ಕೆಲವು ಪಂಡಿತರಿಗೆ ಈ ವಾದ್ಯ ಹಿಡಿಸಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರಿ ಹೋಗುವ ಶಕ್ತಿ ಇದಕ್ಕಿಲ್ಲವೆಂಬ ಅವರ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. 1940ರಲ್ಲಿ ಆಕಾಶವಾಣಿಯೂ ಇದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ನಾಟಕದವರು ಮಾತ್ರ ಪೇಟಿಯನ್ನು ಕೈಬಿಡಲಿಲ್ಲ. ಗರುಡ ಸದಾಶಿವರಾಯರು, ಏಣಗಿ ಬಾಳಪ್ಪನವರು ಮೊದಲಾದವರು ಬೆಳೆಸಿದ ವೃತ್ತಿ ರಂಗಭೂಮಿಯಲ್ಲಿ ಹಾಡಿನ ಸ್ಥಾನ ಹಿರಿದಾಗಿತ್ತು. ಬಯಲಿನಲ್ಲಿ ಕುಳಿತ ನೂರಾರು ಜನರಿಗೆ ಕೇಳಿಸುವಷ್ಟು ದನಿ ಬೇಕು. ನುಡಿಸುವವನಿಗೆ ಎರಡು ಕೈಗಳೂ ಬಿಡುವಾಗಿರಬೇಕು. ಇವೆರಡೂ ಕಾಲುಪೇಟಿಯಿಂದ ಒದಗುತ್ತಿದ್ದವು.

ಕಾಲುಪೇಟಿಯ ಒಳರಚನೆ ಕಮ್ಮಾರನ ತಿದಿಯನ್ನು ಕಂಡವರಿಗೆ ಸುಲಭವಾಗಿ ತಿಳಿಯುತ್ತದೆ. ಕೆಳಗಿರುವ ಎರಡು ಪೆಡಲುಗಳಿಗೆ ಎರಡು ತಿದಿಗಳು ಪಟ್ಟಿ ಅಥವಾ ಸರಳುಗಳ ಮೂಲಕ ಜೋಡಣೆಯಾಗಿರುತ್ತವೆ. ಪೆಡಲನ್ನು ತುಳಿದಾಗ ತಿದಿ ಅಮುಕಿ, ಅದರಲ್ಲಿದ್ದ ಗಾಳಿ ಮೇಲಿನ ದೊಡ್ಡ ಕೋಶಕ್ಕೆ ಏರುತ್ತದೆ. ಕಾಲು ಸಡಿಲಿಸಿದಾಗ ಸ್ಪ್ರಿಂಗು ತಿದಿಯನ್ನು ಮತ್ತೆ ಅಗಲಿಸುತ್ತದೆ. ಹೊರಗಿನ ಗಾಳಿ ಒಳಸೇರುತ್ತದೆ. ಒಳಬಂದ ಗಾಳಿ ಬಂದ ದಾರಿಯಲ್ಲೇ ಹಿಂದಿರುಗದಂತೆ ತಡೆಯುವುದು ರಂಧ್ರಗಳ ಮೇಲೆ ಹೊದಿಸಿದ ತೆಳು ತೊಗಲಿನ ಮುಚ್ಚಳ. ಎರಡು ಕಾಲುಗಳೂ ಸರದಿಯಂತೆ ದುಡಿಯುವುದರಿಂದ ಕೋಶ ಬರಿದಾಗುವುದಿಲ್ಲ. ಮನೆಯನ್ನು ಒತ್ತಿದಾಗ ಅದರ ಕೆಳಗಿನ ಕಿಂಡಿ ತೆರೆದು, ಗಾಳಿ ಹಿತ್ತಾಳೆಯ ನಾಲಿಗೆಯನ್ನು ಕಂಪಿಸಿ ಸ್ವರ ಹೊರಡಿಸುತ್ತದೆ.

ಪೇಟಿ ಕೆಟ್ಟಿತೆಂದೊಡನೆ ಮೇಲಿನ ಹಲಗೆ ಬಿಚ್ಚಿ ಸ್ವರದ ನಾಲಿಗೆಗಳನ್ನು ಕೆದಕುವವರೇ ಹೆಚ್ಚು. ಇದು ದೊಡ್ಡ ತಪ್ಪು. ಒಂದೇ ಸ್ವರ ಮೂಕವಾಗಿದ್ದರೆ ದೋಷ ಆ ನಾಲಿಗೆಯಲ್ಲಿರಬಹುದು. ಅಲ್ಲಿ ಸಿಕ್ಕಿಕೊಂಡ ಧೂಳಿನ ಕಣವೊಂದನ್ನು ತೆಳುವಾದ ಕಾಗದದ ಚೂರಿನಿಂದ ಸರಿಸಿದರೆ ಸಾಕು. ಎಲ್ಲ ಸ್ವರಗಳೂ ಒಟ್ಟಿಗೆ ಕುಗ್ಗಿದ್ದರೆ ಕೆಟ್ಟಿರುವುದು ಉಸಿರು. ಆಗ ಕೆಳಗಿನಿಂದ ಪರೀಕ್ಷೆ ಆರಂಭಿಸಬೇಕು. ಪೆಡಲು ಯಾವ ಭಾರವೂ ಇಲ್ಲದೆ ದೊಪ್ಪನೆ ನೆಲಕ್ಕೆ ಬಿದ್ದರೆ ಪಟ್ಟಿ ಹರಿದಿದೆಯೆಂದು ತಿಳಿಯಬೇಕು. ಪಟ್ಟಿ ಗಟ್ಟಿಯಾಗಿದ್ದೂ ಕಾಲಿಗೆ ಒತ್ತಡ ಸಿಗದಿದ್ದರೆ ತಿದಿ ಸೀಳಿದೆ, ಇಲ್ಲವೇ ತೊಗಲಿನ ಮುಚ್ಚಳ ಸರಿಯಾಗಿ ಕೂಡುತ್ತಿಲ್ಲ. ತುಳಿದ ಪೆಡಲು ಮೇಲಕ್ಕೇಳದಿದ್ದರೆ ಸ್ಪ್ರಿಂಗಿನ ಕಡೆ ನೋಡಬೇಕು. ಎಡಗಾಲಿನಿಂದ ಮಾತ್ರ, ಅನಂತರ ಬಲಗಾಲಿನಿಂದ ಮಾತ್ರ ತುಳಿದು ಒಂದೇ ಸ್ವರವನ್ನು ಹಿಡಿದರೆ ಯಾವ ಬದಿ ದುರ್ಬಲವೆಂಬುದು ಕಿವಿಗೇ ಗೊತ್ತಾಗುತ್ತದೆ. ಎರಡೂ ಬದಿ ಚೆನ್ನಾಗಿದ್ದು, ಕಾಲು ನಿಲ್ಲಿಸಿದ ಕ್ಷಣವೇ ಸ್ವರ ಅಡಗಿದರೆ ಗಾಳಿ ಸೋರುತ್ತಿರುವುದು ಮೇಲಿನ ಕೋಶದ ಕಡೆಯಿಂದ. ಸೋರುವ ಜಾಗವನ್ನು ಕಾಣಲು ತೆಳುವಾದ ಕಾಗದದ ಎಳೆಯೊಂದನ್ನು ಮಡಿಕೆಗಳ ಹತ್ತಿರ ಹಿಡಿಯುತ್ತ ಹೋಗಬೇಕು. ಗಾಳಿ ಬಂದೆಡೆ ಅದು ಅಲುಗುತ್ತದೆ.

ವಿಜಯಪುರದ ಕಡು ಬೇಸಗೆಯ ಒಣ ಹವೆಯಲ್ಲಿ ಮರ ಕುಗ್ಗಿ ಸಂದುಗಳು ಬಿಡುತ್ತವೆ, ತೊಗಲು ಬಿರುಸಾಗುತ್ತದೆ. ಮೂಲೆಗೆ ಸೇರಿದ ಪೇಟಿಯ ತಿದಿಗೆ ಇಲಿಯ ಕಾಟ ಬೇರೆ. ಸೀಳಿದ ಕಡೆ ಕುರಿಯ ಮೆತ್ತನೆಯ ತೊಗಲನ್ನು ಕತ್ತರಿಸಿ, ಅಂಚನ್ನು ಕೆರೆದು ತೆಳುಮಾಡಿ ಅಂಟಿಸಬೇಕು. ಅಂಚು ದಪ್ಪವಾಗಿ ಉಳಿದರೆ ತಿದಿ ಮಡಿಚಿದಾಗಲೆಲ್ಲ ತೇಪೆಯ ಪಕ್ಕದಲ್ಲೇ ಹೊಸ ಸೀಳು ಹುಟ್ಟುತ್ತದೆ. ಅಂಟಿಗೆ ಸರೇಸು ಶ್ರೇಷ್ಠ. ಅದರ ಪಾತ್ರೆಯನ್ನು ನೇರವಾಗಿ ಬೆಂಕಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸುತ್ತಾರೆ. ಸರೇಸು ಬಿಸಿ ನೀರಿಗೆ ಮತ್ತೆ ಬಿಡುವುದರಿಂದ ಮುಂದೆ ದುರಸ್ತಿ ಮಾಡುವವನು ಮರಕ್ಕೆ ಗಾಯವಾಗದಂತೆ ಹಳೆಯ ತೇಪೆಯನ್ನು ತೆಗೆಯಬಲ್ಲನು. ನಾಟಕದ ಹೊತ್ತು ಹತ್ತಿರವಾದಾಗ ಸೈಕಲ್ ಟ್ಯೂಬಿನ ತುಂಡಿಗೆ ಸೊಲ್ಯೂಶನ್ ಹಚ್ಚಿ ಅಂಟಿಸಿದರೆ ಆ ರಾತ್ರಿ ಕಳೆದೀತು. ಆದರೆ ರಬ್ಬರು ಒಣಗಿ ಬಿರಿದ ಮೇಲೆ ಅದನ್ನು ಕಿತ್ತು ಹಾಕುವ ಕೆಲಸ ಮೊದಲಿನ ಸೀಳಿಗಿಂತ ಕಷ್ಟವಾಗುತ್ತದೆ.

ಈಚೆಗೆ ಪೇಟಿಯ ಪಕ್ಕದಲ್ಲಿ ವಿದ್ಯುತ್ ಕೀಬೋರ್ಡು ಬಂದು ಕುಳಿತಿದೆ. ಇದಕ್ಕೂ ಪೆಡಲುಂಟು, ಆದರೆ ಅದು ಗಾಳಿಯನ್ನು ತುಂಬುವುದಿಲ್ಲ. ಪಿಯಾನೋ ವಾದ್ಯದಲ್ಲಿ ತಂತಿಯ ಕಂಪನವನ್ನು ಅಡಗಿಸುವ ಮೆತ್ತೆಗಳಿರುತ್ತವೆ. ಪೆಡಲು ತುಳಿದಾಗ ಅವು ಮೇಲೆದ್ದು, ಬೆರಳು ತೆಗೆದ ಮೇಲೂ ನಾದ ಉಳಿಯುತ್ತದೆ. ಕೀಬೋರ್ಡಿನ ಪೆಡಲು ಈ ಕೆಲಸವನ್ನು ಅನುಕರಿಸುವ ಬರಿಯ ಸ್ವಿಚ್ಚು. ಅದು ಕೈಕೊಟ್ಟಾಗ ಹೊಸದನ್ನು ಕೊಳ್ಳುವ ಮೊದಲು ನೋಡಬೇಕಾದವು ಎರಡು: ತಂತಿ ಪ್ಲಗ್ಗಿನ ಬುಡದಲ್ಲಿ ಮುರಿದಿದೆಯೇ, ಒಳಗಿನ ಲೋಹದ ತುದಿಗಳಿಗೆ ಧೂಳು ಕಿಲುಬು ಹಿಡಿದಿದೆಯೇ ಎಂಬುದು. ಮುರಿದ ತಂತಿಗೆ ಬೆಸುಗೆ, ಕಿಲುಬಿಗೆ ಹಗುರವಾದ ಉಜ್ಜುವಿಕೆ, ಇಷ್ಟರಿಂದಲೇ ಅನೇಕ ಪೆಡಲುಗಳು ಸರಿಹೋಗುತ್ತವೆ. ಕೆಲವು ಸಲ ಏನೂ ಕೆಡದೆ ಕೆಲಸ ತಲೆಕೆಳಗಾಗುವುದೂ ಉಂಟು: ತುಳಿದರೆ ನಾದ ನಿಲ್ಲುತ್ತದೆ, ಬಿಟ್ಟರೆ ಮುಂದುವರಿಯುತ್ತದೆ. ಅನೇಕ ಕೀಬೋರ್ಡುಗಳು ವಿದ್ಯುತ್ ಹರಿದ ಕ್ಷಣದಲ್ಲಿ ಪೆಡಲು ಇರುವ ಸ್ಥಿತಿಯನ್ನೇ ಬಿಡುವಿನ ಸ್ಥಿತಿಯೆಂದು ಗ್ರಹಿಸುತ್ತವೆ. ನುಡಿಸುವವನು ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಸ್ವಿಚ್ಚು ಹಾಕಿದ್ದರೆ ಹೀಗಾಗುತ್ತದೆ. ಆರಿಸಿ, ಕಾಲು ತೆಗೆದು, ಮತ್ತೆ ಹಾಕಿದರೆ ಪೆಡಲು ಎಂದಿನಂತೆ ನಡೆಯುತ್ತದೆ.