ದೂರದ ಬೆಟ್ಟವೂ ಹತ್ತು ದಿನಗಳ ರಜೆಯೂ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತವರು. ಆದರೆ ಅದರ ಅರ್ಥವನ್ನು ನಾನು ತಿಳಿದುದು ನಲವತ್ತರ ಹತ್ತಿರ ಬಂದ ಮೇಲೆ, ಲಡಾಖಿನ ಒಂದು ಕಣಿವೆದಾರಿಯಲ್ಲಿ.

ವರ್ಷಕ್ಕೊಮ್ಮೆ ದೊರೆಯುವ ರಜೆಯನ್ನು ಊರಿಗೆಂದೇ ಮೀಸಲಿಡುವುದು ಗುಜರಾತಿನಲ್ಲಿ ನೆಲೆಸಿರುವ ನಮ್ಮ ಹೋಟೆಲು ಕೆಲಸಗಾರರ ಹಾಗೂ ಗುಮಾಸ್ತರ ರೂಢಿ. ಈಗ ತರುಣರ ಮನಸ್ಸು ಬೇರೆಡೆಗೂ ಹರಿಯುತ್ತಿದೆ. ಬೋಡಕ್‌ದೇವದ ಪ್ರವಾಸ ಕಚೇರಿಗಳ ಗಾಜಿನ ಮೇಲೆ ಅಂಟಿಸಿರುವ ಪ್ಯಾಂಗಾಂಗ್ ಸರೋವರದ ನೀಲಿ ನೀರನ್ನು ಕಂಡು, ಜೀವಮಾನದಲ್ಲಿ ಒಮ್ಮೆಯಾದರೂ ಅಲ್ಲಿಗೆ ಹೋಗಬೇಕೆಂದು ಹಂಬಲಿಸುವವರು ಹಲವರು. ಈ ಹಂಬಲ ಸ್ತುತ್ಯವಾದುದು. ದಿನವಿಡೀ ಒಲೆಯ ಮುಂದೆಯೂ ಗಲ್ಲಾದ ಹಿಂದೆಯೂ ಕಳೆಯುವವನಿಗೆ ಹಿಮಾಲಯವನ್ನು ನೋಡುವ ಹಕ್ಕು ಶ್ರೀಮಂತನಿಗಿರುವಷ್ಟೇ ಇದೆ. ಆದರೆ ನಮ್ಮಲ್ಲಿ ರಜೆ ಕಡಿಮೆ. ರಜೆ ಕಡಿಮೆಯಾದಲ್ಲಿ ಅವಸರ ಹೆಚ್ಚು. ಎತ್ತರದ ಬೆಟ್ಟವು ಸಹಿಸದಿರುವುದು ಆ ಅವಸರವನ್ನೇ.

ರಾತ್ರಿ ಅಹಮದಾಬಾದಿನಲ್ಲಿ ವಿಮಾನವೇರಿದವನು ದೆಹಲಿಯಲ್ಲಿ ವಿಮಾನ ಬದಲಿಸಿ, ಮರುದಿನ ತಿಂಡಿಯ ಹೊತ್ತಿಗೆ ಲೇಹ್ ಪಟ್ಟಣವನ್ನು ಸೇರಬಹುದು. ಅಹಮದಾಬಾದು ಸಮುದ್ರಮಟ್ಟದಿಂದ ಸುಮಾರು 170 ಅಡಿ ಎತ್ತರದಲ್ಲಿದೆ. ಲೇಹ್ ಸುಮಾರು 11,500 ಅಡಿ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಮೇಲೆ ಆಬೂ ಪರ್ವತದ ಗುರು ಶಿಖರವನ್ನು ತಂದಿರಿಸಿದರೆ ಎಷ್ಟಾದೀತೋ ಸರಿಸುಮಾರು ಅಷ್ಟು. ಒಂದೇ ರಾತ್ರಿಯಲ್ಲಿ ಇಷ್ಟು ಎತ್ತರಕ್ಕೆ ಸಾಗಿಸಲ್ಪಟ್ಟ ದೇಹಕ್ಕೆ ಏನಾಗುವುದೆಂಬುದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ.

2018ರ ಜೂನ್ ತಿಂಗಳಲ್ಲಿ, ನಾನು ಇನ್ನೂ ಹೋಟೆಲು ನಡೆಸುತ್ತಿದ್ದಾಗ, ನಮ್ಮ ಅಡಿಗೆಯ ಭಟ್ಟರನ್ನೂ ಉಗ್ರಾಣ ನೋಡಿಕೊಳ್ಳುತ್ತಿದ್ದ ಒಬ್ಬ ತರುಣನನ್ನೂ ನನ್ನ ಖರ್ಚಿನಲ್ಲಿಯೇ ಲಡಾಖಿಗೆ ಕರೆದೊಯ್ದೆ. ತರುಣನಿಗೆ ಇಪ್ಪತ್ತನಾಲ್ಕು ವರ್ಷ. ಐವತ್ತು ಕಿಲೋ ಅಕ್ಕಿಯ ಮೂಟೆಯನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುವ ಕಟ್ಟುಮಸ್ತಾದ ದೇಹ.

ಲೇಹ್ ತಲುಪಿದ ದಿನವೇ ಭಟ್ಟರು, ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿತಿಯ ಅಪ್ಪಣೆ ಪಡೆದು, ಅನ್ನಕ್ಕೆ ನೀರಿಟ್ಟರು. ನೀರು ಬೇಗನೆ ಕುದಿಯಿತು. ಅಕ್ಕಿ ಮಾತ್ರ ಬೇಯಲೊಲ್ಲದು. "ಧಣಿಗಳೇ, ಇದು ಯಾವ ಕಾಲದ ಅಕ್ಕಿಯೋ!" ಎಂದು ಅವರು ಗೊಣಗಿದರು. ಮನೆಯಾಕೆ ನಗುತ್ತ ಪ್ರೆಶರ್ ಕುಕ್ಕರನ್ನು ತಂದುಕೊಟ್ಟಳು. ದೋಷ ಅಕ್ಕಿಯದಾಗಿರಲಿಲ್ಲ. ಎತ್ತರಕ್ಕೇರಿದಂತೆ ಗಾಳಿಯ ಒತ್ತಡ ಕುಗ್ಗುತ್ತದೆ. ಒತ್ತಡ ಕುಗ್ಗಿದಂತೆ ನೀರು ಕಡಿಮೆ ಶಾಖದಲ್ಲಿಯೇ ಕುದಿಯುತ್ತದೆ. ಅಹಮದಾಬಾದಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಲೇಹ್‌ನಲ್ಲಿ ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ಮುಚ್ಚಳವು ಕಳೆದುಹೋದ ಒತ್ತಡವನ್ನು ಪಾತ್ರೆಯೊಳಗೆ ಮರಳಿ ತರುತ್ತದೆ. ಆದರೆ ಮನುಷ್ಯನ ಶ್ವಾಸಕೋಶಕ್ಕೆ ಅಂಥ ಮುಚ್ಚಳವಿಲ್ಲ. ಅಲ್ಲಿಯ ಒಂದೊಂದು ಉಸಿರಿಗೂ ನಮಗೆ ದೊರೆಯುವ ಪ್ರಾಣವಾಯು ಕೆಳಗಿನದರ ಮೂರರಲ್ಲಿ ಎರಡು ಪಾಲು ಮಾತ್ರ.

ಅಕ್ಕಿ ಕೊಟ್ಟ ಈ ಎಚ್ಚರಿಕೆಯನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನವೇ 17,582 ಅಡಿ ಎತ್ತರದ ಖಾರ್ದುಂಗ್ ಲಾ ಕಣಿವೆದಾರಿಗೆ ಹೊರಟೆವು. ಪ್ರವಾಸ ಏರ್ಪಡಿಸಿದವರ ಪಟ್ಟಿಯಲ್ಲಿ ಹಾಗೆಯೇ ಇತ್ತು. ಒಂದು ದಿನವೂ ವ್ಯರ್ಥವಾಗಬಾರದೆಂಬುದು ನನ್ನ ಲೆಕ್ಕಾಚಾರವೂ ಆಗಿತ್ತು. ಅಲ್ಲಿ ಪ್ರಾಣವಾಯು ಕೆಳಗಿನದರ ಅರ್ಧದಷ್ಟೇ. ಕಾರಿನಿಂದಿಳಿದ ನಮ್ಮ ತರುಣನು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕುಡಿದವನಂತೆ ತೂರಾಡಿದನು. ನಾನು ಫೋಟೋ ತೆಗೆಯುವ ಸಂಭ್ರಮದಲ್ಲಿದ್ದೆ. ಅದನ್ನು ಕಂಡವನು ಚಾಲಕ. ಅವನು ನನ್ನ ಒಪ್ಪಿಗೆಗೂ ಕಾಯದೆ, ಹುಡುಗನನ್ನು ಕಾರಿನಲ್ಲಿ ಕುಳ್ಳಿರಿಸಿ, ಬಂದ ದಾರಿಯಲ್ಲಿಯೇ ಕೆಳಗಿಳಿಸಿ, ನೇರವಾಗಿ ಲೇಹ್‌ನ ಆಸ್ಪತ್ರೆಯ ಬಾಗಿಲಿಗೆ ತಂದನು. ಹುಡುಗನಿಗೆ ಎರಡು ರಾತ್ರಿ ಆಮ್ಲಜನಕ ಕೊಡಬೇಕಾಯಿತು. ಇನ್ನು ಕೆಲವು ಗಂಟೆ ತಡವಾಗಿದ್ದರೆ ಮಿದುಳಿನ ಬಾವು ಪ್ರಾಣಕ್ಕೇ ಎರವಾಗುತ್ತಿತ್ತೆಂದು ವೈದ್ಯರು ಹೇಳಿದಾಗ, ಅವನ ತಾಯಿಗೆ ಏನೆಂದು ಉತ್ತರ ಹೇಳುತ್ತಿದ್ದೆನೋ ಎಂದು ನನ್ನ ಕೈಕಾಲು ತಣ್ಣಗಾದವು.

ಮರುದಿನ ಅವನನ್ನು ಕೇಳಿದೆ: "ತಲೆನೋವು ಯಾವಾಗಿನಿಂದ ಇತ್ತು?"

"ಬಂದ ದಿನ ಸಂಜೆಯಿಂದಲೇ, ಧಣಿಗಳೇ. ರಾತ್ರಿ ಎರಡು ಸಲ ವಾಂತಿಯೂ ಆಯಿತು."

"ಮತ್ತೆ ಹೇಳಲಿಲ್ಲವೇಕೆ?"

ಅವನು ತಲೆ ತಗ್ಗಿಸಿ, "ನಿಮ್ಮ ಇಷ್ಟು ಖರ್ಚು ದಂಡವಾಗುತ್ತದಲ್ಲ ಎಂದು ಸುಮ್ಮನಿದ್ದೆ" ಎಂದನು.

ವಾಚಕರೇ, ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಹೋಟೆಲಿನಲ್ಲಿ ಜ್ವರವಿದ್ದರೂ ಹೇಳದೆ ದುಡಿಯುವ ಹುಡುಗನನ್ನು ನಾವು ನಿಯತ್ತಿನವನೆಂದು ಮೆಚ್ಚುತ್ತೇವೆ. ಅದೇ ಮೌನ ಬೆಟ್ಟದ ಮೇಲೆ ಅವನನ್ನು ಸಾವಿನ ಬಾಗಿಲಿಗೆ ಒಯ್ದಿತ್ತು. ಆ ಮೌನವನ್ನು ಅವನಿಗೆ ಕಲಿಸಿದವರು ನನ್ನಂಥ ಯಜಮಾನರೇ.

ಗಟ್ಟಿಮುಟ್ಟಾದವರಿಗೆ ಈ ಬಾಧೆ ಇಲ್ಲವೆಂಬುದು ಭ್ರಮೆ. 1962ರ ಯುದ್ಧದ ಕಾಲದಲ್ಲಿ ಬಯಲುನಾಡಿನಿಂದ ಹಿಮಾಲಯಕ್ಕೆ ತ್ವರೆಯಿಂದ ಸಾಗಿಸಲ್ಪಟ್ಟ ನಮ್ಮ ಸೈನಿಕರೇ ಇದಕ್ಕೆ ತುತ್ತಾಗಿದ್ದರು. ಸೈನ್ಯದ ವೈದ್ಯರಾದ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು ಹೀಗೆ ಅಸ್ವಸ್ಥರಾದ 1,925 ಸೈನಿಕರ ವಿಷಯವನ್ನು 1969ರಲ್ಲಿ ಪ್ರಕಟಿಸಿದ ಲೇಖನವು ಜಗತ್ತಿನ ವೈದ್ಯರಿಗೆ ಮಾರ್ಗದರ್ಶಕವಾಯಿತು. ಗಿರನಾರಿನ ಸುಮಾರು ಹತ್ತು ಸಾವಿರ ಮೆಟ್ಟಿಲುಗಳನ್ನು ಹತ್ತಿದವನ ಕಾಲು ಗಟ್ಟಿಯಾಗುವುದು ನಿಜ. ಆದರೆ ನಾಲ್ಕು ಸಾವಿರ ಅಡಿಯನ್ನೂ ಮುಟ್ಟದ ಆ ಬೆಟ್ಟವು ತೆಳುಗಾಳಿಯ ಅಭ್ಯಾಸವನ್ನು ಕಲಿಸಲಾರದು. ಅದನ್ನು ಕಲಿಸುವುದು ಕಾಲವೊಂದೇ.

ಆದುದರಿಂದ ಹೋಗುವವರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡತಕ್ಕದ್ದು. ವಿಮಾನದಲ್ಲಿ ಹೋದರೆ ಲೇಹ್‌ನಲ್ಲಿ ಮೊದಲ ಎರಡು ದಿನ ಕಡ್ಡಾಯವಾಗಿ ವಿಶ್ರಾಂತಿ ತೆಗೆದುಕೊಳ್ಳಬೇಕು. ಊರೊಳಗೆ ನಿಧಾನವಾಗಿ ನಡೆದಾಡಿದರೆ ಸಾಕು. ಹತ್ತು ಸಾವಿರ ಅಡಿ ದಾಟಿದ ಮೇಲೆ, ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ ಸುಮಾರು ಸಾವಿರದ ಆರುನೂರು ಅಡಿಗಿಂತ ಹೆಚ್ಚಿಸಬಾರದು. ಮದ್ಯವನ್ನೂ ನಿದ್ರೆಯ ಗುಳಿಗೆಯನ್ನೂ ಮುಟ್ಟಬಾರದು. ಹೃದಯ ಅಥವಾ ಶ್ವಾಸದ ತೊಂದರೆಯುಳ್ಳವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು. ಮುಂಜಾಗ್ರತೆಯ ಔಷಧಿಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಬೇಕು. ತಲೆನೋವು, ವಾಕರಿಕೆ, ಹಸಿವಿಲ್ಲದಿರುವಿಕೆ ಕಂಡರೆ ಮುಂದಕ್ಕೆ ಏರಬಾರದು. ಕುಳಿತಲ್ಲಿಯೇ ಏದುಸಿರು ಬಂದರೆ, ಹೆಜ್ಜೆ ತೂರಾಡಿದರೆ, ಮಾತು ತಡವರಿಸಿದರೆ, ಅದು ನಡುರಾತ್ರಿಯಾದರೂ ಸರಿ, ಕೂಡಲೇ ಕೆಳಗಿಳಿಯಬೇಕು.

ರಸ್ತೆಯ ಮಾರ್ಗ ಇನ್ನೂ ಉತ್ತಮ. 2025ರ ಜೂನ್ 6ರಂದು ಕಟ್ರಾದಿಂದ ಶ್ರೀನಗರಕ್ಕೆ ರೈಲು ಮಾರ್ಗ ತೆರೆದುದರಿಂದ ನಮ್ಮಂಥವರಿಗೆ ಅನುಕೂಲವೇ ಆಯಿತು. ಶ್ರೀನಗರ ಸುಮಾರು 5,200 ಅಡಿ. ಕಾರ್ಗಿಲ್ 8,800 ಅಡಿಯ ಆಸುಪಾಸು. ಈ ಎರಡೂ ಊರುಗಳಲ್ಲಿ ತಂಗುತ್ತ ಹೋದರೆ, ನಡುವೆ ಜೋಜಿ ಲಾ, ಫೋಟು ಲಾ ಕಣಿವೆದಾರಿಗಳನ್ನು ದಾಟಬೇಕಾದರೂ, ದೇಹವು ಎತ್ತರವನ್ನು ಸ್ವಲ್ಪಸ್ವಲ್ಪವಾಗಿ ಅರಗಿಸಿಕೊಳ್ಳುತ್ತದೆ. ಹಾಗೆ ಹೋದವನಿಗೂ ಲೇಹ್‌ನಲ್ಲಿ ಒಂದು ದಿನದ ವಿಶ್ರಾಂತಿ ಬೇಕು. ಹತ್ತು ದಿನಗಳ ರಜೆ ಇದಕ್ಕೆ ಸಾಲದು, ಹದಿನೈದಾದರೂ ಬೇಕು. ದೊರೆಯದಿದ್ದರೆ ಆ ವರ್ಷ ಆಬೂ ಪರ್ವತಕ್ಕೆ ಹೋಗಿ ಬರುವುದೇ ಲೇಸು. ಬೆಟ್ಟವು ಎಲ್ಲಿಗೂ ಓಡಿಹೋಗುವುದಿಲ್ಲ.

ನಮ್ಮ ತರುಣನು ಈಗ ವಡೋದರೆಯಲ್ಲಿ ಸ್ವಂತ ಉಪಾಹಾರ ಗೃಹ ನಡೆಸುತ್ತಿದ್ದಾನೆ. ಕಳೆದ ಬೇಸಗೆಯಲ್ಲಿ ತನ್ನ ಕೈಕೆಳಗಿನ ಮೂವರನ್ನು ಕರೆದುಕೊಂಡು ಕಾರ್ಗಿಲ್ ಮಾರ್ಗವಾಗಿ ಲಡಾಖಿಗೆ ಹೋಗಿ, ಅಂದು ನಾವು ಕಾಣದೆ ಮರಳಿದ ಪ್ಯಾಂಗಾಂಗನ್ನು ನೋಡಿ ಬಂದನು. ಹೇಗೆ ನಡೆಯಿತೆಂದು ನಾನು ವಿಚಾರಿಸಿದಾಗ ಅವನು ಸರೋವರದ ಸುದ್ದಿಯನ್ನು ಮೊದಲು ಎತ್ತಲಿಲ್ಲ. "ದಿನಾ ಬೆಳಿಗ್ಗೆ ಚಹಾ ಕೊಡುವಾಗ ಒಬ್ಬೊಬ್ಬನನ್ನೂ ತಲೆನೋವಿದೆಯೇ ಎಂದು ಕೇಳುತ್ತಿದ್ದೆ, ಧಣಿಗಳೇ. ಇದೆ ಎಂದವನನ್ನು ಬೈಯಲಿಲ್ಲ. ಒಬ್ಬನಿಗಾಗಿ ಲೇಹ್‌ನಲ್ಲಿ ಒಂದು ದಿನ ಹೆಚ್ಚು ನಿಂತೆವು" ಎಂದನು.

ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವನು ಕೇಳಿದ್ದನು.