ವಿಮಾನ ನಿಂತ ಮೇಲೂ ಹೊಟ್ಟೆ ಕೆಳಗೆ ಕೆಂಪು ಲೈಟ್ ಮಿಣುಕುವುದು ಯಾಕೆ?

ಮಂಗಳೂರು: ದುಬೈ ವಿಮಾನ ರಾತ್ರಿ ಬಜ್ಪೆಯಲ್ಲಿ ಇಳಿದು ಟರ್ಮಿನಲ್ ಎದುರು ಬಂದು ನಿಂತಿತು ಅಂತಿಟ್ಟುಕೊಳ್ಳಿ. ಒಳಗೆ ಅರ್ಧ ಜನ ಆಗಲೇ ಎದ್ದು ಮೇಲಿನಿಂದ ಬ್ಯಾಗ್ ಎಳೀತಿರ್ತಾರೆ. ಕಿಟಕಿಯಿಂದ ಹೊರಗೆ ನೋಡಿದರೆ ಲಗೇಜ್ ಇಳಿಸುವ ಹುಡುಗರು ಮಾತ್ರ ಗಾಡಿ ಪಕ್ಕ ಸುಮ್ಮನೆ ನಿಂತಿರ್ತಾರೆ. "ಇವರೇನು ಮಾರ್ರೆ, ಕೆಲಸ ಶುರು ಮಾಡುವುದಿಲ್ವಾ?" ಅಂತ ಅನಿಸಬಹುದು. ಅವರು ಕಾಯುತ್ತಿರುವುದು ಒಂದು ಕೆಂಪು ಲೈಟ್ ಆರುವುದಕ್ಕೆ.

ವಿಮಾನದ ಲೈಟ್ ಅಂದರೆ ಆಕಾಶದಲ್ಲಿ ಕಾಣಲಿಕ್ಕೆ ಅಂತ ನಾವು ತಿಳಿದಿರುತ್ತೇವೆ. ನೆಲದ ಮೇಲೆ ಚಲಿಸುವಾಗಲೂ, ಅಂದರೆ ಟ್ಯಾಕ್ಸಿ ಮಾಡುವಾಗಲೂ, ಅದಕ್ಕೆ ಅಷ್ಟೇ ಕೆಲಸ ಇದೆ. ನಮ್ಮ ಸಿಟಿ ಬಸ್ಸಿನಲ್ಲಾದರೆ ಕಂಡಕ್ಟರ್ "ರೈಟ್ ಪೋಯಿ" ಅಂತಾರೆ, ಡ್ರೈವರ್ ಹಾರ್ನ್ ಹೊಡೀತಾರೆ. ಪೈಲಟ್‌ಗೆ ಆ ಸೌಕರ್ಯ ಇಲ್ಲ. ಸುತ್ತ ಇರುವವರಿಗೆ ಅವರು ಹೇಳಬೇಕಾದ್ದರಲ್ಲಿ ಎಷ್ಟೋ ಸಂಗತಿ ಲೈಟಿನಲ್ಲೇ ಹೋಗ್ತದೆ.

ಕೆಂಪು ಬೀಕನ್: ಹತ್ತಿರ ಬರಬೇಡಿ

ವಿಮಾನದ ಬೆನ್ನ ಮೇಲೆ ಒಂದು, ಹೊಟ್ಟೆ ಕೆಳಗೆ ಒಂದು ಕೆಂಪು ಲೈಟ್ ಮಿಣುಕುತ್ತದೆ. ಇದೇ ಬೀಕನ್. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಸಾಮಾನ್ಯವಾಗಿ ವಿಮಾನವನ್ನು ಹಿಂದಕ್ಕೆ ತಳ್ಳುವ ಮೊದಲೇ, ಪೈಲಟ್ ಇದನ್ನು ಹಾಕ್ತಾರೆ. ನಿಲ್ಲಿಸಿದ ಮೇಲೆ ಎಂಜಿನ್ ಆಫ್ ಆಗಿ ಅದರ ಫ್ಯಾನ್ ನಿಧಾನಕ್ಕೆ ಬಂದ ನಂತರವೇ ಆರಿಸ್ತಾರೆ. ಅಲ್ಲಿವರೆಗೆ ಕೆಳಗಿನ ಸಿಬ್ಬಂದಿ ಎಂಜಿನ್ ಹತ್ತಿರ ಹೋಗುವಂತಿಲ್ಲ.

ಎಂಜಿನ್ ಆಫ್ ಆದದ್ದು ಶಬ್ದದಲ್ಲೇ ಗೊತ್ತಾಗುವುದಿಲ್ವಾ ಅಂತ ಕೇಳಬಹುದು. ಗೊತ್ತಾಗುವುದಿಲ್ಲ. ಎಂಜಿನ್ ನಿಂತ ಮೇಲೂ ಬಾಲದಲ್ಲಿರುವ ಸಣ್ಣ ಎಂಜಿನ್ ಕರೆಂಟು ಮತ್ತು ಎಸಿಗಾಗಿ ಓಡುತ್ತಲೇ ಇರಬಹುದು. ಪಕ್ಕದ ವಿಮಾನದ್ದೂ ಗದ್ದಲ. ಸಿಬ್ಬಂದಿ ಕಿವಿ ಮುಚ್ಚಿಕೊಂಡಿರ್ತಾರೆ. ಎಟಿಆರ್‌ನಂಥ ವಿಮಾನದ ಪ್ರೊಪೆಲ್ಲರ್ ಜೋರಾಗಿ ತಿರುಗುವಾಗ, ಅದರಲ್ಲೂ ಕತ್ತಲೆಯಲ್ಲಿ, ಕಣ್ಣಿಗೇ ಕಾಣುವುದಿಲ್ಲ. ಹಾಗಾಗಿ ಆ ಲೈಟ್ ಬಿಟ್ಟರೆ ನಂಬಲಿಕ್ಕೆ ಬೇರೆ ಗುರುತು ಕಡಿಮೆ.

ಇದು ಬರೀ ರೂಲ್ಸ್ ಮಾತಲ್ಲ. 2015ರ ಡಿಸೆಂಬರ್ 16ರಂದು ಮುಂಬೈಯಲ್ಲಿ ಹೈದರಾಬಾದಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಎಂಜಿನ್ ತಾಂತ್ರಿಕ ಸಿಬ್ಬಂದಿಯೊಬ್ಬರನ್ನು ಒಳಗೆ ಎಳೆದುಕೊಂಡಿತ್ತು. ಅವರು ಸ್ಥಳದಲ್ಲೇ ತೀರಿಕೊಂಡರು. ನೆಲದಲ್ಲಿ ಕೆಲಸ ಮಾಡುವವರು ಬೀಕನ್‌ಗೆ ಯಾಕೆ ಅಷ್ಟು ಮರ್ಯಾದೆ ಕೊಡ್ತಾರೆ ಅಂತ ಇದರಿಂದ ಅರ್ಥ ಆಗ್ತದೆ.

ಮುಂದಿನ ಚಕ್ರದ ಲೈಟ್: ನಾನು ಬರ್ತಿದ್ದೇನೆ

ಮುಂದಿನ ಚಕ್ರದ ಕಂಬದಲ್ಲಿರುವ ಬಿಳಿ ಲೈಟೇ ಟ್ಯಾಕ್ಸಿ ಲೈಟ್. ವಿಮಾನ ಚಲಿಸಲು ಶುರುವಾದಾಗ ಇದು ಉರೀತದೆ. ದಾರಿ ಕಾಣಲಿಕ್ಕೂ ಆಯ್ತು, ಎದುರಿನವರಿಗೆ ಎಚ್ಚರಿಕೆಯೂ ಆಯ್ತು. ಬೋಯಿಂಗ್ 737-800ರ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 36 ಮೀಟರ್. ಅಷ್ಟು ಅಗಲದ್ದನ್ನು ತಿರುಗಿಸುವಾಗ ಪಕ್ಕಕ್ಕೂ ಬೆಳಕು ಬೇಕು. ಅದಕ್ಕೆ ಎರಡೂ ಬದಿಗೆ ಬೀಳುವ ಟರ್ನ್‌ಆಫ್ ಲೈಟ್ ಬೇರೆಯೇ ಇದೆ.

ಬೇರೆ ವಿಮಾನಕ್ಕೆ ದಾರಿ ಬಿಟ್ಟು ನಿಂತಾಗ ಎಷ್ಟೋ ಪೈಲಟ್‌ಗಳು ಟ್ಯಾಕ್ಸಿ ಲೈಟ್ ಆರಿಸ್ತಾರೆ. "ನಾನು ನಿಂತಿದ್ದೇನೆ, ನೀವು ಹೋಗಿ" ಅಂತ ಅರ್ಥ. ಹೈವೇಯಲ್ಲಿ ಎದುರಿನ ಗಾಡಿಗೆ ನಾವು ಡಿಮ್ ಮಾಡಿದ ಹಾಗೆ. ಪಾರ್ಕಿಂಗ್ ಜಾಗಕ್ಕೆ ತಿರುಗುವಾಗಲೂ ಆರಿಸುವುದು ರೂಢಿ. ಯಾಕೆಂದರೆ ಎದುರಿಗೆ ಕೈಯಲ್ಲಿ ಲೈಟ್ ಕಡ್ಡಿ ಹಿಡಿದು ದಾರಿ ತೋರಿಸುವ ಮಾರ್ಷಲರ್ ನಿಂತಿರ್ತಾರೆ. ಅವರ ಕಣ್ಣು ಕುಕ್ಕಿದರೆ ಸಿಗ್ನಲ್ ಕೊಡುವುದು ಹೇಗೆ?

ಸ್ಟ್ರೋಬ್ ಹೊಡೆದರೆ ರನ್‌ವೇ ಬಂತು

ರೆಕ್ಕೆ ತುದಿಯಲ್ಲಿ ಕ್ಯಾಮೆರಾ ಫ್ಲಾಶ್ ಹಾಗೆ ಹೊಡೆಯುವ ಬಿಳಿ ಲೈಟ್ ಸ್ಟ್ರೋಬ್. ಇದನ್ನು ಸಾಮಾನ್ಯವಾಗಿ ರನ್‌ವೇಗೆ ಕಾಲಿಡುವಾಗ ಹಾಕಿ, ಇಳಿದು ರನ್‌ವೇ ಬಿಟ್ಟ ಮೇಲೆ ಆರಿಸ್ತಾರೆ. ಟ್ಯಾಕ್ಸಿವೇಯಲ್ಲಿ ಹಾಕಿಟ್ಟರೆ ಹತ್ತಿರದವರಿಗೆ ಕಣ್ಣು ಬಿಡಲಿಕ್ಕಾಗುವುದಿಲ್ಲ. ದೊಡ್ಡ ಲ್ಯಾಂಡಿಂಗ್ ಲೈಟ್ ಟೇಕಾಫ್‌ಗೆ ಅನುಮತಿ ಸಿಕ್ಕ ಮೇಲೆ. ಇಳಿಯುವಾಗ ಸುಮಾರು 10,000 ಅಡಿಯಿಂದ ಕೆಳಗೆ ಅದು ಉರಿಯುತ್ತಲೇ ಇರ್ತದೆ.

ಇನ್ನು ಎಡ ರೆಕ್ಕೆಗೆ ಕೆಂಪು, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ. ಇದು ವಿಮಾನದ ಮುಖ ಯಾವ ಕಡೆ ಅಂತ ತಿಳಿಸ್ತದೆ. ನಮ್ಮ ಧಕ್ಕೆಯ ಬೋಟುಗಳಿಗೂ ಇದೇ ನಿಯಮ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ವಿಮಾನದವರು ಇದನ್ನು ತೆಗೆದುಕೊಂಡದ್ದೇ ಹಡಗಿನವರಿಂದ.

ಇಳಿದ ಕೂಡಲೇ ಮುಗಿಯುವುದಿಲ್ಲ

ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ ಅಂದರೆ ಏನು ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ದುರಂತದಲ್ಲಿ 158 ಜನ ಹೋದರು. ಅದಾಗಿ ಒಂಬತ್ತು ವರ್ಷಕ್ಕೆ, 2019ರ ಜೂನ್ 30ರಂದು, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇಯಿಂದ ಟ್ಯಾಕ್ಸಿವೇಗೆ ತಿರುಗುವಾಗ ಜಾರಿ ಬದಿಯ ಮೆದು ಮಣ್ಣಿನಲ್ಲಿ ಹೂತು ನಿಂತಿತ್ತು. ಪುಣ್ಯಕ್ಕೆ ಎಲ್ಲರೂ ಪಾರಾದರು. ಅದಕ್ಕೆ ಲೈಟ್ ಕಾರಣ ಅಲ್ಲ. ಆದರೆ ಚಕ್ರ ನೆಲ ಮುಟ್ಟಿದ ಕೂಡಲೇ ಪ್ರಯಾಣ ಮುಗಿಯಿತು ಅನ್ನುವುದು ತಪ್ಪು ಅಂತ ಆ ದಿನ ತೋರಿಸಿತು.

ಹಾಗಾಗಿ ಮುಂದಿನ ಸಲ ಗಲ್ಫಿನಿಂದಲೋ ಬೆಂಗಳೂರಿನಿಂದಲೋ ಬರುವಾಗ ಕಿಟಕಿ ಸೀಟ್ ಸಿಕ್ಕಿದರೆ ಹೊರಗೆ ನೋಡಿ. ಅಂಚಿನಲ್ಲಿ ನೀಲಿ ಲೈಟ್ ಕಂಡರೆ ನೀವು ಟ್ಯಾಕ್ಸಿವೇಯಲ್ಲಿದ್ದೀರಿ. ನೆಲದ ಮೇಲೆ ಕೆಂಪು ಬೆಳಕು ಬಡಿಯುತ್ತಿದ್ದರೆ ಬೀಕನ್ ಇನ್ನೂ ಆನ್. ಅದು ಆರಿತು ಅಂದ ಕೂಡಲೇ ಕೆಳಗಿನ ಹುಡುಗರು ಗಾಡಿ ತಗೊಂಡು ಮುಂದೆ ಬರ್ತಾರೆ. ಎರಡು ನಿಮಿಷ ತಡ ಆದರೆ ಅವರನ್ನು ಬೈಯಬೇಡಿ. ಸೀಟ್ ಬೆಲ್ಟ್ ಸೂಚನೆ ಆರುವವರೆಗೆ ನೀವೂ ಕೂತಿರಿ. ನಿಮ್ಮ ಬ್ಯಾಗ್ ಎಲ್ಲಿಗೂ ಹೋಗುವುದಿಲ್ಲ.